ಕಪ್ಪಿನ ಒಳಗೋಡೆ ಮೇಲಿನ ಗೆರೆಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೇಲಿ ಕಾಫಿ ಕಪ್ ಮೇಲೆ ಚಿತ್ರ ಬಿಡಿಸಿ ಅದರಲ್ಲೇ ತಮ್ಮ ಗುರುತು, ಹಕ್ಕು ಇಂಥದ್ದನ್ನೆಲ್ಲ ಹೇಳೋ ಕಲಾವಿದೆಯರ ಬಗ್ಗೆ ಒಂದೇ ಒಂದು ಪುಟ ಬರೆದಿದ್ದೆ, ಅಷ್ಟಕ್ಕೇ ಇಷ್ಟು ಪ್ರಶ್ನೆ ಬಂದ್ಬೀಳುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಅರ್ಧ ಜನಕ್ಕೆ ಬಣ್ಣ ಯಾಕೆ ಏಳುತ್ತೆ ಅನ್ನೋ ಚಿಂತೆ, ಇನ್ನರ್ಧ ಜನಕ್ಕೆ ಇದೆಲ್ಲ ಬೇಕಿತ್ತಾ ಅನ್ನೋ ಅನುಮಾನ. ನಾನು ವರ್ಷಗಳಿಂದ ಪಿಂಗಾಣಿ ಮೇಲೆ ಬಣ್ಣ ಹಾಕ್ಕೊಂಡು ಬಂದವಳು, ಪಂಡಿತರ ಭಾಷೆ ಬರಲ್ಲ, ತಿಳಿದಷ್ಟು ಹೇಳ್ತೀನಿ. ಕೆಲವರು ಹೆಸರು ಹಾಕ್ಬೇಡಿ ಅಂದಿದ್ರು, ಹಂಗಾದ್ರೆ ಯಾರದ್ದೂ ಬೇಡ ಅಂತ ಬಿಟ್ಟಿದ್ದೀನಿ.

ಪ್ರಶ್ನೆ: ಮೇಡಂ, ಮಾನವ ಹಕ್ಕು ಅನ್ನೋದು ಎಷ್ಟು ದೊಡ್ಡ ವಿಷಯ. ಅದನ್ನ ತಗೊಂಡ್ಹೋಗಿ ಕಾಫಿ ಕಪ್ ಮೇಲೆ ಬರೆಯೋದು ಅಂದ್ರೆ ಮಕ್ಕಳಾಟ ಆಡಿದ ಹಂಗಲ್ವಾ? ಹೇಳೋದಿದ್ರೆ ದೊಡ್ಡ ಕ್ಯಾನ್ವಾಸ್ ಮೇಲೆ ಹೇಳ್ಲಿ.

ಉತ್ತರ: ಕ್ಯಾನ್ವಾಸ್ ನೋಡೋಕೆ ಜನ ಗ್ಯಾಲರಿಗೆ ಹೋಗ್ಬೇಕು ಸರ್, ಕಪ್ಪು ತಾನಾಗೇ ಜನರ ಕೈಗೆ ಹೋಗುತ್ತೆ. ಇದು ನಾನು ಕಂಡುಹಿಡಿದ ಮಾತಲ್ಲ, ಬ್ರಿಟನ್ನಿನ ಮತದಾನದ ಹೋರಾಟಗಾರ್ತಿಯರಿಗೆ ಇದು ನೂರು ವರ್ಷದ ಹಿಂದೇನೇ ಚೆನ್ನಾಗಿ ಗೊತ್ತಿತ್ತು. 1909ರ ಮೇ ತಿಂಗಳಲ್ಲಿ ಲಂಡನ್ನಿನ ನೈಟ್ಸ್‌ಬ್ರಿಜ್‌ನಲ್ಲಿದ್ದ ಪ್ರಿನ್ಸಸ್ ಸ್ಕೇಟಿಂಗ್ ರಿಂಕಲ್ಲಿ ಅವರು ಒಂದು ದೊಡ್ಡ ಪ್ರದರ್ಶನ ಇಟ್ರು, ಅಲ್ಲಿನ ಟೀ ಸ್ಟಾಲಿಗೆ ಅಂತಾನೇ ಕಪ್ಪು ಸಾಸರ್ ಮಾಡಿಸಿದ್ರು. ಬೆಳ್ಳಗಿರೋ ಪಿಂಗಾಣಿ ಮೇಲೆ ತುತ್ತೂರಿ ಊದ್ತಾ ಇರೋ ಒಬ್ಬಳು ದೇವತೆ, ಅದನ್ನ ಬಿಡಿಸಿದ್ದು ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್. ಈಕೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟಲ್ಲಿ ಓದಿದವರು, ಬರೀ ಭಾಷಣದವರಲ್ಲ. ಪ್ರದರ್ಶನ ಮುಗಿದ್ಮೇಲೆ ಆ ಕಪ್ಪುಗಳನ್ನ ಮಾರಿ ಹೋರಾಟಕ್ಕೆ ದುಡ್ಡು ಮಾಡ್ಕೊಂಡ್ರು. ಅದೇ ವರ್ಷ ಜುಲೈನಲ್ಲಿ ಇದೇ ಹೋರಾಟಕ್ಕೆ ಜೈಲಲ್ಲಿದ್ದ ಮೇರಿಯನ್ ವಾಲೇಸ್ ಡನ್‌ಲಪ್ ಉಪವಾಸ ಕೂತ್ರು, ಅಂದಹಾಗೆ ಈಕೇನೂ ಚಿತ್ರಕಲಾವಿದೆಯೇ. ಸೆಪ್ಟೆಂಬರ್ ಹೊತ್ತಿಗೆ ಸರ್ಕಾರ ಉಪವಾಸ ಕೂತವರ ಗಂಟಲಿಗೆ ಟ್ಯೂಬ್ ಹಾಕಿ ಬಲವಂತವಾಗಿ ತಿನ್ನಿಸೋಕೆ ಶುರುಮಾಡ್ತು. ಒಂದೇ ವರ್ಷ ನೋಡಿ, ಇತ್ಲಾಗೆ ಬಾಯಿಗಿಡೋ ಕಪ್ಪು, ಅತ್ಲಾಗೆ ಬಾಯಿಗೆ ತುರುಕೋ ಟ್ಯೂಬು. ಅದೇ ಸೆಟ್ಟಿನ ಒಂದು ಕಪ್ಪು ಆ ಸೆಪ್ಟೆಂಬರಲ್ಲಿ ಯಾರದೋ ಮನೆ ಟೇಬಲ್ ಮೇಲಿದ್ರೆ ಅದು ಮಕ್ಕಳಾಟದ ಸಾಮಾನಿನ ಹಂಗೆ ಕಾಣ್ತಿತ್ತಾ? ಅಲ್ಲಿನ ಹೆಂಗಸರಿಗೆ ಗಂಡಸರಷ್ಟೇ ಸಮನಾಗಿ ಮತ ಹಾಕೋ ಹಕ್ಕು ಸಿಗೋದಕ್ಕೆ 1928 ಆಯ್ತು, ಕಪ್ಪು ಮಾಡಿದ ಹತ್ತೊಂಬತ್ತು ವರ್ಷಕ್ಕೆ.

ಪ್ರಶ್ನೆ: ಇದೆಲ್ಲ ಹೆಂಗಸರೇ ಯಾಕೆ ಮಾಡ್ತಾರೆ? ಗಂಡಸರಿಗೆ ಗುರುತು ಇಲ್ವಾ, ಹಕ್ಕು ಇಲ್ವಾ? ಇದೂ ಒಂಥರಾ ಭೇದಭಾವ ಅಲ್ವಾ?

ಉತ್ತರ: ಮಾಡ್ಲಿ ಸ್ವಾಮಿ, ಯಾರು ಬೇಡ ಅಂದ್ರು. ಆದ್ರೆ ಪಿಂಗಾಣಿಗೂ ಹೆಣ್ಣಿಗೂ ಹಳೇ ಲೆಕ್ಕ ಒಂದಿದೆ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಕಾರ್ಖಾನೆಗಳಲ್ಲಿ ಕಪ್ಪಿಗೆ ಬಣ್ಣ ಹಾಕೋ ಹೆಂಗಸರಿಗೆ ಪೇಂಟ್ರೆಸ್ ಅಂತಾನೇ ಹೆಸರು, ದಿನವಿಡೀ ಅದೇ ಹೂವು ಅದೇ ಎಲೆ, ಕಪ್ಪಿನ ತಳ ತಿರುಗಿಸಿ ನೋಡಿದ್ರೆ ಇರ್ತಿದ್ದಿದ್ದು ಕಂಪನಿ ಹೆಸರು. ಇನ್ನು ಅನುಕೂಲಸ್ಥರ ಮನೆ ಹೆಣ್ಣುಮಕ್ಕಳಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಪ್ಲೇಟಿಗೆ ಬಣ್ಣ ಹಾಕೋದು ಮರ್ಯಾದಸ್ಥ ಹವ್ಯಾಸ, ಮನೆ ಬಿಟ್ಟು ಹೋಗೋ ಹಂಗಿಲ್ಲ ಗಲಾಟೆ ಇಲ್ಲ, ಕಲೆ ಅಂತ ಯಾರೂ ಕರೀತಾನೂ ಇರ್ಲಿಲ್ಲ. ಅಮೆರಿಕದ ಜೂಡಿ ಶಿಕಾಗೋ 1970ರ ದಶಕದಲ್ಲಿ ಆ ಹವ್ಯಾಸದ ಹೆಂಗಸರ ಹತ್ರಾನೇ ಹೋಗಿ ಅದನ್ನ ಕಲಿತು, 1974ರಿಂದ 1979ರವರೆಗೆ ನೂರಾರು ಜನರ ಜೊತೆ ಕೂತು ‘ದಿ ಡಿನ್ನರ್ ಪಾರ್ಟಿ’ ಮಾಡಿದ್ರು, ತ್ರಿಕೋನಾಕಾರದ ಟೇಬಲ್, ಚರಿತ್ರೆ ಮತ್ತೆ ಪುರಾಣದ 39 ಹೆಣ್ಣುಗಳಿಗೆ ಒಬ್ಬೊಬ್ಬರಿಗೊಂದು ಪ್ಲೇಟು, ಒಂದು ಬಟ್ಟಲು, ಕೆಳಗೆ ನೆಲದ ಹೆಂಚಿನ ಮೇಲೆ ಇನ್ನೂ 999 ಹೆಸರು. ಈಗ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಮ್ಮಲ್ಲಿದೆ.

ಅದನ್ನ ಹೊಗಳಿ ಸುಮ್ಮನಾದ್ರೆ ತಪ್ಪಾಗುತ್ತೆ. ಬಹುಪಾಲು ಪ್ಲೇಟಲ್ಲಿ ಹೆಣ್ಣಿನ ದೇಹವನ್ನೇ ಹೂವು ಚಿಟ್ಟೆ ಥರ ಅರಳಿಸಿದ್ದಾರೆ, ಅಮೆರಿಕದ ಕಪ್ಪುವರ್ಣದ ಮಹಿಳೆ ಅಂತ ಆ ಟೇಬಲ್ಲಿಗೆ ಕರೆಸ್ಕೊಂಡಿರೋದು ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದ ಸೊಜರ್ನರ್ ಟ್ರೂತ್ ಒಬ್ಬರೇ, ಆಕೆ ಪ್ಲೇಟಲ್ಲಿ ಆ ಥರ ದೇಹ ಇಲ್ಲ, ಮೂರು ಮುಖ. ಲೇಖಕಿ ಆಲಿಸ್ ವಾಕರ್ ಆ ಕಾಲಕ್ಕೇ ಇದನ್ನ ಎತ್ತಿ ಬರೆದ್ರು. ಅಂದ್ರೆ ಹೆಣ್ಣು ಹೆಣ್ಣಿನ ಗುರುತು ಬರೆದ್ಲು ಅಂದ್ ತಕ್ಷಣ ಎಲ್ಲರ ಗುರುತೂ ಬಂದುಬಿಡ್ತು ಅಂತಲ್ಲ. ನಿಮ್ಮ ಭೇದಭಾವದ ಪ್ರಶ್ನೇನ ನಾನಾಗಿದ್ರೆ ಇಲ್ಲಿ ಕೇಳ್ತಿದ್ದೆ.

ಪ್ರಶ್ನೆ: ಅಕ್ಕಾ, ನಿಮ್ಮ ಲೇಖನ ಓದಿ ನಾನೂ ಒಂದು ಕಪ್ ತಂದು ‘ನಾನು ಯಾರು’ ಅಂತ ಬರೆದು ಒಂದು ಹೆಣ್ಣಿನ ಮುಖ, ಸುತ್ತ ಸರಪಳಿ, ಮೇಲೆ ಎರಡು ಹಾರೋ ಹಕ್ಕಿ ಬಿಡಿಸ್ದೆ. ನನ್ನ ತಂಗಿ ನೋಡಿ ಗ್ರೀಟಿಂಗ್ ಕಾರ್ಡ್ ಇದ್ದಂಗಿದೆ ಕಣೇ ಅಂದುಬಿಟ್ಲು. ಮೂರು ದಿನ ಮಾತಾಡ್ಲಿಲ್ಲ ಅವಳ ಹತ್ರ. ನಾನು ಎಲ್ಲಿ ಎಡವಿದೆ?

ಉತ್ತರ: ಮೊದಲು ತಂಗಿ ಹತ್ರ ಮಾತಾಡಮ್ಮ, ಅವಳು ಹೇಳಿದ್ದು ಸರಿಯಾಗೇ ಇದೆ. ಸರಪಳಿ, ಹಕ್ಕಿ, ಎರಡು ಕೈ, ಒಂದು ಕಣ್ಣೀರ ಹನಿ, ಇವೆಲ್ಲ ನಿನಗಿಂತ ಮುಂಚೆ ಸಾವಿರ ಜನ ಬರೆದು ಸವೆಸಿಬಿಟ್ಟಿದ್ದಾರೆ, ನಾನೂ ಬರೆದಿದ್ದೀನಿ. ನೀನು ಎಡವಿದ್ದು ಚಿತ್ರದಲ್ಲಲ್ಲ, ಕಪ್ಪನ್ನ ಸಣ್ಣ ಕಾಗದ ಅಂತ ಅಂದ್ಕೊಂಡೆಯಲ್ಲ ಅಲ್ಲಿ.

ಕಪ್ಪನ್ನ ಕೈಲಿ ಹಿಡ್ಕೊಂಡು ಸುಮ್ನೆ ಒಂದು ಹತ್ತು ನಿಮಿಷ ಕೂತ್ಕೋ. ಅದಕ್ಕೆ ಕುಡಿಯೋರಿಗೆ ಕಾಣೋ ಮಗ್ಗಲು ಬೇರೆ, ಎದುರಿಗೆ ಕೂತೋರಿಗೆ ಕಾಣೋ ಮಗ್ಗಲು ಬೇರೆ, ಎರಡನ್ನೂ ಒಂದೇ ಸಲ ಯಾರೂ ನೋಡೋಕಾಗಲ್ಲ, ಗುರುತಿನ ವಿಷಯ ಮಾತಾಡೋರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳು. ಒಳಗೋಡೆ ಕಾಫಿ ಇಳಿದಂಗೆಲ್ಲ ಸ್ವಲ್ಪ ಸ್ವಲ್ಪವೇ ಕಾಣುತ್ತೆ. ತಳ ಕೊನೇ ಗುಟುಕಿಗೆ ಕಾಣುತ್ತೆ, ಹೊರಗಿನ ತಳ ತೊಳೆಯೋರಿಗೆ ಮಾತ್ರ ಕಾಣುತ್ತೆ, ಮನೇಲಿ ಯಾರು ತೊಳೀತಾರೆ ಅಂತ ಯೋಚನೆ ಮಾಡು. ಹಿಡಿಯಲ್ಲಿ ಬೆರಳು ಎಲ್ಲಿ ಕೂರುತ್ತೆ, ಬಿಸಿ ಎಷ್ಟು ಹೊತ್ತಿಗೆ ತಟ್ಟುತ್ತೆ ಇದೆಲ್ಲ ನಿನ್ನ ಸಾಮಾನು. 1936ರಲ್ಲಿ ಪ್ಯಾರಿಸ್ಸಲ್ಲಿ ಮೆರೆಟ್ ಓಪೆನ್‌ಹೈಮ್ ಅನ್ನೋ ಇಪ್ಪತ್ತೆರಡರ ಹುಡುಗಿ ಅಂಗಡಿಯಿಂದ ಒಂದು ಕಪ್ಪು, ಸಾಸರ್, ಚಮಚ ತಂದು ಮೂರಕ್ಕೂ ಜಿಂಕೆ ಜಾತಿಯ ಗಸೆಲ್ ಪ್ರಾಣಿಯ ತುಪ್ಪಳ ಅಂಟಿಸಿಬಿಟ್ಲು. ಒಂದು ಚಿತ್ರ ಇಲ್ಲ, ಒಂದು ಅಕ್ಷರ ಇಲ್ಲ, ನೋಡಿದ್ ತಕ್ಷಣ ತುಟಿಗೆ ಒಂಥರಾ ಆಗುತ್ತೆ. ಮನೆಗೆ ಬಂದೋರ ಮುಂದೆ ನಗ್ತಾ ಹಿಡಿಯೋ ಕಪ್ಪು ಇನ್ಮೇಲೆ ಯಾರ ಬಾಯಿಗೂ ಹೋಗಲ್ಲ. ಅದಕ್ಕೆ ಏನರ್ಥ ಅಂತ ಇವತ್ತಿಗೂ ಜಗಳ ಆಡ್ತಾರೆ, ಆಡ್ಲಿ, ಆದ್ರೆ ಆ ಹುಡುಗಿ ಕಪ್ಪನ್ನ ಕಪ್ಪಾಗೇ ಬಳಸ್ಕೊಂಡ್ಲು ಅನ್ನೋದು ನಮಗೆ ಬೇಕಾದ ಪಾಠ.

ಎರಡನೇದು, ‘ಮಾನವ ಹಕ್ಕು’ ಅಂತ ಇಡೀ ಗಂಟನ್ನ ಒಂದೇ ಕಪ್ಪಿಗೆ ತುಂಬಬೇಡ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಘೋಷಣೇಲಿ 30 ವಿಧಿ ಇದೆ, ಅದನ್ನ ತಗೊಂಡು ಓದು, ಬೆರಳಿಟ್ಟು ಒಂದು ಆರಿಸ್ಕೋ. ಅದರ ಮೊದಲನೇ ವಿಧಿ ಕರಡಲ್ಲಿ ‘ಆಲ್ ಮೆನ್’ ಅಂತಿತ್ತು, ಭಾರತದಿಂದ ಹೋಗಿದ್ದ ಹಂಸಾ ಮೆಹ್ತಾ ಅವರು ಪಟ್ಟು ಹಿಡಿದು ‘ಆಲ್ ಹ್ಯೂಮನ್ ಬೀಯಿಂಗ್ಸ್’ ಅಂತ ಮಾಡಿಸಿದ್ರು, ಇಲ್ದಿದ್ರೆ ಗಂಡಸರಷ್ಟೇ ಅಂತ ಓದ್ಕೊಳ್ಳೋ ದೇಶಗಳು ಇದ್ದೇ ಇರ್ತವೆ ಅನ್ನೋದು ಅವರ ವಾದ. ಒಂದು ಪದ ಬದಲಾಯ್ಸೋದೇ ಅಷ್ಟು ದೊಡ್ಡ ಕೆಲಸ ಆಗಿದ್ರೆ ಒಂದು ಕಪ್ಪಿಗೆ ಒಂದು ವಿಧಿ ಸಾಕೇ ಸಾಕು.

ಒಂದು ಉದಾಹರಣೆ ಹೇಳ್ತೀನಿ. ನಮ್ಮ ಜೊತೆ ಕಲಿಯೋಕೆ ಬರ್ತಿದ್ದ ಒಬ್ಬಾಕೆ 24ನೇ ವಿಧಿ ಆರಿಸ್ಕೊಂಡ್ರು, ಎಲ್ಲರಿಗೂ ವಿಶ್ರಾಂತಿಯ ಹಕ್ಕಿದೆ ಅನ್ನೋದು ಅದು. ಉಳಿದವರು ನಕ್ರು, ಚಿತ್ರಹಿಂಸೆ ಗುಲಾಮಗಿರಿ ಇರೋವಾಗ ಇದೊಂದು ಹಕ್ಕಾ ಅಂತ. ಆಕೆ ಕಪ್ಪಿನ ಹೊರಗಡೆ ಏನೂ ಬರೀಲಿಲ್ಲ, ಬೆಳ್ಳಗೆ ಬಿಟ್ರು. ಒಳಗೋಡೆ ಮೇಲೆ ಮಾತ್ರ ಸಣ್ಣ ಕುಂಚದಲ್ಲಿ ಕಂದು ಗೆರೆ, ಒಂದರ ಕೆಳಗೊಂದು ಏಳು ಗೆರೆ, ಕಾಫಿ ಆರಿ ಅಂಟ್ಕೊಂಡ ಹಂಗೇ ಅಂಚು ಸ್ವಲ್ಪ ಗಾಢ. ಒಂದೊಂದು ಗೆರೆ ಪಕ್ಕ ಒಂದೊಂದು ಮಾತು, ಇರುವೆಯಷ್ಟು ಅಕ್ಷರ: ‘ಅಮ್ಮಾ’, ‘ನನ್ನ ಟವೆಲ್ ಎಲ್ಲಿ’, ‘ಬಾಗಿಲು ನೋಡು’, ‘ಇನ್ನೂ ಆಗ್ಲಿಲ್ವಾ’. ಅಂದ್ರೆ ಒಂದೊಂದು ದಿನ ಕಾಫಿ ಎಲ್ಲಿವರೆಗೆ ಕುಡಿದಾಗ ಯಾರೋ ಕರೆದ್ರು ಅನ್ನೋದರ ಲೆಕ್ಕ. ಅತೀ ಕೆಳಗಿನ ಗೆರೆ ಪಕ್ಕ ಏನೂ ಬರೆದಿಲ್ಲ, ಬಹುಶಃ ಆವತ್ತು ಮನೇಲಿ ಯಾರೂ ಇರ್ಲಿಲ್ಲ. ನಾವು ಅದಕ್ಕೆ ಕಾಫಿ ಹಾಕಿ ಕುಡಿದು ನೋಡಿದ್ವಿ, ಗುಟುಕು ಗುಟುಕಿಗೂ ಒಂದೊಂದು ಕೂಗು ಮೇಲೆ ಬರುತ್ತೆ. ನಕ್ಕವರೆಲ್ಲ ತಣ್ಣಗಾದ್ರು.

ನಿನ್ನ ಹಕ್ಕಿ ಸರಪಳಿ ಕಪ್ಪನ್ನ ಬಿಸಾಕ್ಬೇಡ, ಪೆನ್ನು ಇಡೋಕಾಗುತ್ತೆ.

ಪ್ರಶ್ನೆ: ಮಾರ್ಕರ್ ಪೆನ್ನಲ್ಲಿ ಬರೆದಿದ್ದು ನಾಲ್ಕು ಸಲ ತೊಳೆದ್ರೆ ಹೋಗುತ್ತೆ. ಓವನ್ನಲ್ಲೂ ಇಟ್ಟಿದ್ದೆ. ಯಾವ ಬಣ್ಣ ತಗೋಬೇಕು? ಅದರಲ್ಲಿ ಕುಡಿದ್ರೆ ಏನೂ ಆಗಲ್ವಾ?

ಉತ್ತರ: ಪೆನ್ ಬಣ್ಣ ಗ್ಲೇಜಿನ ಮೇಲೆ, ಅಂದ್ರೆ ಕಪ್ಪಿನ ಮೇಲಿರೋ ಗಾಜಿನಂಥ ಹೊಳಪು ಪದರದ ಮೇಲೆ, ಅಂಟ್ಕೊಂಡಿರುತ್ತೆ ಅಷ್ಟೆ, ಗ್ಲೇಜಿನ ಜೊತೆ ಬೆರೆಯಲ್ಲ. ಮನೆ ಓವನ್ನಿನ ನೂರೈವತ್ತು ಇನ್ನೂರು ಡಿಗ್ರಿಗೆ ಅದು ಒಣಗಿ ಗಟ್ಟಿಯಾಗುತ್ತೆ, ಸ್ವಲ್ಪ ದಿನ ತಡೆಯುತ್ತೆ, ಉಜ್ಜಿದ್ರೆ ಹೋಗುತ್ತೆ. ನಿಲ್ಲಬೇಕು ಅಂದ್ರೆ ಪಿಂಗಾಣಿ ಬಣ್ಣಾನೇ ಬೇಕು, ಅಂದ್ರೆ ಗಾಜಿನ ಪುಡಿ ಮತ್ತೆ ಲೋಹದ ಬಣ್ಣ ಸೇರಿದ್ದು, ಎಣ್ಣೇಲಿ ಅರೆದು ಗ್ಲೇಜ್ ಆದ ಕಪ್ಪಿನ ಮೇಲೆ ಬರೆದು ಭಟ್ಟೀಲಿ ಸುಮಾರು 800 ಡಿಗ್ರಿಗೆ ಸುಟ್ರೆ ಗ್ಲೇಜು ಸ್ವಲ್ಪ ಮೆತ್ತಗಾಗಿ ಬಣ್ಣಾನ ಹಿಡ್ಕೊಳ್ಳುತ್ತೆ. ಅದಕ್ಕಿಂತ ಗಟ್ಟಿ ಬೇಕಾದ್ರೆ ಗ್ಲೇಜ್ ಹಾಕೋ ಮುಂಚೇನೇ ಬರೆದು ಮೇಲೆ ಗ್ಲೇಜ್ ಹಾಕಿ ಸುಡೋದು, ಆಗ ಚಿತ್ರ ಗಾಜಿನ ಅಡಿಗೆ ಸೇರ್ಕೊಳ್ಳುತ್ತೆ, ಆದ್ರೆ ಅಷ್ಟು ಬಿಸಿ ತಡೆಯೋ ಬಣ್ಣ ಕಡಿಮೆ, ಕೋಬಾಲ್ಟ್ ನೀಲಿ ಅದಕ್ಕೇ ಎಲ್ಲಾ ಕಡೆ ಕಾಣೋದು. ಕೆಂಪು ಅಂತೂ ಮಹಾ ಕೋಪಿಷ್ಠ, ಸ್ವಲ್ಪ ಜಾಸ್ತಿ ಸುಟ್ರೆ ಕಂದಾಗುತ್ತೆ, ಇನ್ನೂ ಜಾಸ್ತಿ ಆದ್ರೆ ಮಾಯ.

ಕುಡಿಯೋ ವಿಷಯದಲ್ಲಿ ಹುಡುಗಾಟ ಬೇಡ. ಹಳೇ ಕಾಲದ ಪಿಂಗಾಣಿ ಬಣ್ಣಗಳಲ್ಲಿ ಸೀಸ ಇರುತ್ತೆ, ಹೊಳೆಯೋ ಕೆಂಪು ಹಳದೀಲಿ ಕ್ಯಾಡ್ಮಿಯಂ, ಕಾಫಿ ಬಿಸೀನೂ ಹೌದು ಸ್ವಲ್ಪ ಹುಳೀನೂ ಹೌದು. ಡಬ್ಬಿ ಮೇಲೆ ಸೀಸ ಇಲ್ಲ, ಊಟದ ಪಾತ್ರೆಗೆ ಆಗುತ್ತೆ ಅಂತ ಬರೆದಿದ್ರೆ ಮಾತ್ರ ತಗೊಳ್ಳಿ, ಆಗಲೂ ಅಂಚಿಂದ ಕೆಳಗೆ 20 ಮಿಲಿಮೀಟರ್, ಅಂದ್ರೆ ಎರಡು ಸೆಂಟಿಮೀಟರ್ ಜಾಗ, ಹೊರಗಡೆ ಖಾಲಿ ಬಿಡಿ, ತುಟಿ ತಾಗೋದು ಅಲ್ಲೇ. ಒಳಗಡೆ ಬರೆದ ಕಪ್ಪು ದಿನಾ ಕುಡಿಯೋಕಲ್ಲ, ಮೇಲೆ ಹೇಳಿದ ಗೆರೆ ಕಪ್ಪಲ್ಲೂ ನಾವು ಕುಡಿದಿದ್ದು ಒಂದೇ ಸಲ. ಬಣ್ಣ ಅರೆಯೋವಾಗ ಬಾಯಿಗೆ ಬಟ್ಟೆ ಸಾಲಲ್ಲ, ಸರಿಯಾದ ಮಾಸ್ಕ್ ಹಾಕ್ಕೊಳ್ಳಿ. ಚಿನ್ನದ ಅಂಚಿರೋದನ್ನ ಮೈಕ್ರೋವೇವಲ್ಲಿ ಇಡ್ಬಹುದಾ ಅಂತ ಇನ್ನೊಬ್ರು ಕೇಳಿದ್ದಾರೆ. ಬೇಡ, ಕಿಡಿ ಹಾರುತ್ತೆ.

ಪ್ರಶ್ನೆ: ನಾವೊಂದು ಸಣ್ಣ ಗುಂಪು. ಮನೇಲಿ ಹಿಂಸೆ ಅನುಭವಿಸಿ ಹೊರಗೆ ಬಂದ ಹೆಣ್ಣುಮಕ್ಕಳ ಕಥೆ ಕೇಳಿ ಅದನ್ನ ಕಪ್ ಮೇಲೆ ಬಿಡಿಸಿ ಪ್ರದರ್ಶನ ಮಾಡಿ ಮಾರಬೇಕು ಅಂತಿದ್ದೀವಿ. ದುಡ್ಡು ಒಳ್ಳೇ ಕೆಲಸಕ್ಕೇ ಹೋಗುತ್ತೆ. ಆದ್ರೂ ಏನೋ ಕಸಿವಿಸಿ.

ಉತ್ತರ: ಆ ಕಸಿವಿಸಿ ಇದ್ಯಲ್ಲ, ಅದನ್ನ ಬಿಡ್ಬೇಡಿ, ಅದು ಒಳ್ಳೇದು. ಹಳೇದೊಂದು ನೆನಪು ಮಾಡ್ತೀನಿ. 1787ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಬೇಕು ಅಂತ ಹೋರಾಡ್ತಿದ್ದ ಜೊಸಾಯಾ ವೆಜ್‌ವುಡ್ ತನ್ನ ಪಿಂಗಾಣಿ ಕಾರ್ಖಾನೇಲಿ ಒಂದು ಬಿಲ್ಲೆ ಮಾಡಿಸ್ದ, ಸರಪಳಿ ಹಾಕಿದ ಕಪ್ಪುವರ್ಣದ ಮನುಷ್ಯ ಮಂಡಿಯೂರಿ ಕೈಜೋಡಿಸಿ ‘ನಾನೂ ಮನುಷ್ಯನಲ್ವಾ, ನಿಮ್ಮ ಸಹೋದರನಲ್ವಾ’ ಅಂತ ಕೇಳ್ತಿರೋದು. ಆಮೇಲೆ ಹೆಂಗಸರ ಸಂಘಗಳು ‘ನಾನೂ ಹೆಣ್ಣಲ್ವಾ, ನಿಮ್ಮ ಸಹೋದರಿಯಲ್ವಾ’ ಅಂತ ಅದೇ ಭಂಗೀಲಿ ಹೆಣ್ಣನ್ನೂ ಮಂಡಿಯೂರಿಸಿದ್ರು. ಉದ್ದೇಶ ಒಳ್ಳೇದೇ, ಕೆಲಸಾನೂ ಆಯ್ತು. ಆದ್ರೆ ಮಂಡಿಯೂರಿಸಿದ್ದು ಯಾರು? ಬಿಡಿಸಿದವರು. ಹಡಗಲ್ಲಿ ದಂಗೆ ಎದ್ದವರು, ತೋಟ ಬಿಟ್ಟು ಓಡಿಹೋದವರು ಆ ಬಿಲ್ಲೆ ಮೇಲೆ ಇಲ್ವಲ್ಲ.

ಇನ್ನೂರು ಚಿಲ್ಲರೆ ವರ್ಷ ಆದ್ಮೇಲೆ, 2007ರಲ್ಲಿ, ಜಾಂಜಿಬಾರಲ್ಲಿ ಹುಟ್ಟಿ ಬ್ರಿಟನ್ನಲ್ಲಿ ಬೆಳೆದ ಲುಬೈನಾ ಹಿಮಿದ್ ಅವರು ಒಂದು ಕೆಲಸ ಮಾಡಿದ್ರು. ಯಾರೋ ಬಳಸಿ ಬಿಟ್ಟ ಹಳೇ ಪ್ಲೇಟು, ಜಗ್ಗು, ಮುಚ್ಚಳದ ಬಟ್ಟಲು ಎಲ್ಲ ಸೇರಿ ನೂರು ತಂದು, ಅದರ ಮೇಲಿದ್ದ ಹೂಬಳ್ಳಿ ಮೇಲೇನೇ ಬಣ್ಣ ಹಾಕಿ, ಕಪ್ಪುವರ್ಣದ ಆಳುಗಳ ಮುಖ, ಹಡಗು, ಆ ವ್ಯಾಪಾರದಲ್ಲಿ ದುಡ್ಡು ಮಾಡಿದ ಶ್ರೀಮಂತರು ಹೊಟ್ಟೆ ತೊಳಸಿ ವಾಂತಿ ಮಾಡ್ತಿರೋದು, ಇದನ್ನೆಲ್ಲ ಬರೆದು ಇಂಗ್ಲೆಂಡಿನ ಲ್ಯಾಂಕಾಸ್ಟರ್ ಊರಲ್ಲೇ ಇಟ್ರು, ಆ ಊರು ಗುಲಾಮರ ಹಡಗುಗಳ ದೊಡ್ಡ ಬಂದರಾಗಿತ್ತು. ಅಲ್ಲಿ ಮಂಡಿಯೂರಿದವರು ಇಲ್ಲ. 2017ರಲ್ಲಿ ಆಕೆಗೆ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ ಬಂದಾಗ ವಯಸ್ಸು 63.

ನಿಮ್ಮ ವಿಷಯಕ್ಕೆ ಬಂದ್ರೆ, ಕಥೆ ಕೇಳಿ ನೀವು ಬಿಡಿಸೋದು ಯಾಕೆ, ಕುಂಚ ಅವರ ಕೈಗೇ ಕೊಡಿ. ಕೈ ನಡುಗುತ್ತೆ ಗೆರೆ ಸೊಟ್ಟ ಆಗುತ್ತೆ ಅಂತ ನೀವು ತಿದ್ದೋಕೆ ಹೋಗ್ಬೇಡಿ. ಹಿಂಸೆ ಬಿಟ್ಟು ಬೇರೇನೋ ಬರೀತೀನಿ ಅಂದ್ರೆ, ಒಬ್ಬಾಕೆ ಬರೀ ತನ್ನ ಹಳೇ ಸೈಕಲ್ ಬಿಡಿಸ್ತೀನಿ ಅಂದ್ರೆ, ಬಿಡಿಸ್ಲಿ, ಹೊಡೆತ ತಿಂದವಳು ಅನ್ನೋ ಒಂದೇ ಗುರುತನ್ನ ನೀವೂ ಅಂಟಿಸ್ಬೇಡಿ. ಹೆಸರು, ಬರವಣಿಗೆ ಶೈಲಿ, ಮಗುವಿನ ಮುದ್ದು ಹೆಸರು, ಇಂಥ ಸಣ್ಣ ಸುಳಿವಿಂದ ಗಂಡನ ಕಡೆಯವರು ಗುರುತು ಹಿಡಿದು ಹುಡುಕ್ಕೊಂಡು ಬರೋ ಅಪಾಯ ನಿಜವಾಗ್ಲೂ ಇರುತ್ತೆ, ಪ್ರದರ್ಶನದ ಫೋಟೋ ಫೋನಿಂದ ಫೋನಿಗೆ ಹೋಗುತ್ತೆ, ಅದನ್ನ ಮೊದಲೇ ಕೂತು ಅವರ ಜೊತೆ ಮಾತಾಡಿ. ಇವತ್ತು ಹೂಂ ಅಂದವರು ಪ್ರದರ್ಶನದ ಹಿಂದಿನ ರಾತ್ರಿ ಬೇಡ ಅಂದ್ರೂ ಕಪ್ಪು ವಾಪಸ್ ಕೊಡಿ, ಕಾರಣ ಕೇಳ್ಬೇಡಿ. ಮಾರಿದ ದುಡ್ಡು ಒಳ್ಳೇ ಕೆಲಸಕ್ಕೆ ಅಂದ್ರಲ್ಲ, ಆ ಒಳ್ಳೇ ಕೆಲಸದಲ್ಲಿ ಮೊದಲನೇದು ಬರೆದವಳ ಕೈಗೆ ಕೂಲಿ. ಸಮಾನ ಕೆಲಸಕ್ಕೆ ಸಮಾನ ವೇತನ ಅಂತ 23ನೇ ವಿಧಿ ಕಪ್ಪಿನ ಮೇಲೆ ಬರೆಸಿ ಪುಕ್ಕಟೆ ದುಡಿಸ್ಕೊಂಡಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ, ಸಂಘಟಕರ ಹೆಸರು ಇಲ್ಲಿ ಬೇಡ.

ಪ್ರಶ್ನೆ: ಕಪ್ ಮಾಡಿ ಯಾರಾದ್ರೂ ತೊಂದ್ರೆಗೆ ಸಿಕ್ಕಿದ್ದು ಉಂಟಾ?

ಉತ್ತರ: ಉಂಟು. ಜರ್ಮನಿಯ ಮಾರ್ಗರೆಟ್ ಹೇಮನ್, ಬೌಹೌಸ್ ಅನ್ನೋ ಕಲಾಶಾಲೇಲಿ ಸ್ವಲ್ಪ ಕಾಲ ಕಲಿತು 1923ರಲ್ಲಿ ಮಾರ್ವಿಟ್ಸ್ ಅನ್ನೋ ಕಡೆ ಗಂಡ ಮತ್ತೆ ಮೈದುನನ ಜೊತೆ ಸ್ವಂತ ಕಾರ್ಖಾನೆ ಕಟ್ಟಿದವರು. ಅವರ ಟೀ ಕಪ್ಪಿನ ಹಿಡಿ ನೋಡ್ಬೇಕು, ಬಿಲ್ಲೆ ಥರ ಎರಡು ದುಂಡು ಚಕ್ರ, ಬೆರಳು ತೂರ್ಸೋಕೆ ತೂತೇ ಇಲ್ಲ. 1928ರಲ್ಲಿ ಗಂಡ ಆಕ್ಸಿಡೆಂಟಲ್ಲಿ ಹೋದ್ಮೇಲೂ ಒಬ್ಬರೇ ನಡೆಸಿದ್ರು. ಆಕೆ ಕಪ್ಪಿನ ಮೇಲೆ ಯಾವ ಘೋಷಣೇನೂ ಬರೀಲಿಲ್ಲ ನೋಡಿ, ಆದ್ರೆ ಯಹೂದಿ. ನಾಜಿಗಳು ಬಂದ್ರು, 1934ರಲ್ಲಿ ಕಾರ್ಖಾನೇನ ಅದರ ಬೆಲೆಗಿಂತ ಎಷ್ಟೋ ಕಮ್ಮಿಗೆ ಬಿಟ್ಟುಕೊಡ್ಬೇಕಾಯ್ತು, 1936ರಲ್ಲಿ ಇಂಗ್ಲೆಂಡಿಗೆ ಹೋದ್ರು. ಗುರುತು ಅನ್ನೋದನ್ನ ನಾವೇ ಬರ್ಕೊಳ್ಳೋದು ಒಂದು, ಬೇರೆಯವರು ನಮ್ಮ ಮೇಲೆ ಬರೆದುಬಿಡೋದು ಇನ್ನೊಂದು.

ಪ್ರಶ್ನೆ: ಇಷ್ಟೆಲ್ಲ ಹೇಳ್ತೀರಲ್ಲ, ನೀವು ದಿನಾ ಯಾವ ಕಪ್ಪಲ್ಲಿ ಕುಡೀತೀರ?

ಉತ್ತರ: ಅಂಚು ಸ್ವಲ್ಪ ಚೂರಾಗಿರೋ ಒಂದು ಬಿಳೀ ಕಪ್ಪು. ಕಲಿಯೋಕೆ ಶುರು ಮಾಡಿದಾಗಿನದ್ದು, ಹೊರಗಿನ ತಳದಲ್ಲಿ ಮದುವೆಗೆ ಮುಂಚಿನ ನನ್ನ ಪೂರ್ತಿ ಹೆಸರು ಕೆಂಪಲ್ಲಿ ಬರೆದಿದ್ದೆ, ಭಟ್ಟೀಲಿ ಬಿಸಿ ಜಾಸ್ತಿಯಾಗಿ ಹೆಸರೆಲ್ಲ ಹೋಗಿ ಕೊನೇ ಅಕ್ಷರದ ಕೊಂಬು ಒಂದು ಕಂದು ಬಣ್ಣಕ್ಕೆ ತಿರುಗಿ ಉಳ್ಕೊಂಡಿದೆ. ಹೋದ ವಾರ ಮಗಳು ಪಾತ್ರೆ ತೊಳೆಯೋವಾಗ ಅದನ್ನ ನೋಡಿ ಕಾಫಿ ಕಲೆ ಅಂದ್ಕೊಂಡು ಸೋಡಾ ಪುಡಿ ಹಾಕಿ ಸುಮಾರು ಹೊತ್ತು ತಿಕ್ಕಿದ್ಲಂತೆ. ಹೋಗ್ಲಿಲ್ಲ ಅಮ್ಮ, ಬೇರೆ ಕಪ್ ತಗೋ ಅಂದ್ಲು.